ತೂಕದ ಚೀಟಿ

ಅರಸೀಕೆರೆಯ ಮಾರ್ಕೆಟ್ ಯಾರ್ಡಿನಲ್ಲಿ
ಇಪ್ಪತ್ತಾರು ವರ್ಷದಿಂದ ತೂಕ ಬರೆಯುವವನು ನಾನು.
ಕೊಬ್ಬರಿ ಎಷ್ಟು, ಚೀಲ ಎಷ್ಟು,
ಒಣಗಿದ್ದೆಷ್ಟು, ಒಣಗಿದಂತೆ ನಟಿಸುವುದೆಷ್ಟು
ನನ್ನ ಕಾಟಾದ ಮುಳ್ಳಿಗೆ ಗೊತ್ತು.
ಕಲ್ಲೇಶಿಯನ್ನು ಮೊದಲು ಕಂಡಾಗ ಅವನು
ಎರಡು ಚೀಲದ ಕೆಳಗೆ ಎರಡು ಕಾಲು, ಅಷ್ಟೆ.

ಹತ್ತೊಂಬತ್ತು ವಯಸ್ಸು. ಲಾರಿಗೆ ಆನಿಸಿದ ಹಲಗೆ
ಬಾಗಿದಷ್ಟೂ ಇವನು ಬಾಗುತ್ತಿರಲಿಲ್ಲ.
ಸಂಜೆ ರೈಲ್ವೆ ಕಾಲೋನಿಯ ಹಿಂದೆ,
ಜಲ್ಲಿ ಆರಿಸಿ ತೆಗೆದ ಕಬಡ್ಡಿ ಅಂಕಣದಲ್ಲಿ
ಫಿಲಿಪ್ ಮಾಸ್ತರು, ರಿಟೈರಾದ ಗ್ಯಾಂಗ್‌ಮನ್,
ಇವನ ಬಲಗೈಗೆ ಇನ್ನೊಬ್ಬನ ಎಡಗೈ ಹೆಣೆದು
ವರ್ಷವಿಡೀ ಹೇಳಿದ್ದು ಒಂದೇ ಮಾತು:
"ಎತ್ತೋದನ್ನ ಮರ್ತುಬಿಡು. ಹೊತ್ಕೊಂಡು ಹೋಗೋಕೆ
ಅವನೇನು ಕೊಬ್ಬರಿ ಅಲ್ಲ. ಇದ್ದಲ್ಲೇ ಕೂರ್ಸು."

ಲೀಗಿನ ಹರಾಜಿನ ದಿನ ನಮ್ಮಲ್ಲೂ ಹರಾಜು.
ಇಲ್ಲಿ ಉಂಡೆ ಕೊಬ್ಬರಿ,
ಮುಂಬಯಿಯ ಹೋಟೆಲಿನಲ್ಲಿ ಮನುಷ್ಯರು.
ಹಮಾಲರೆಲ್ಲ ಒಂದೇ ಫೋನಿಗೆ ತಲೆ ಕೂಡಿಸಿ ಕೂತರು.
ದೊಡ್ಡ ಹೆಸರುಗಳು ಹೋದವು, ಊಟದ ಹೊತ್ತು ಹೋಯಿತು,
ಕೊನೆಗೆ ಬ್ಯಾಟರಿ ಹೋಯಿತು.
ಚಾರ್ಜಿಗೆ ಹಾಕಿ ನೋಡಿದರೆ ಕಟ್ಟಕಡೆಯ ಪಟ್ಟಿಯಲ್ಲಿ
ಮೂಲ ಬೆಲೆಗೆ, ಒಂದೇ ಕೂಗಿಗೆ
ಹೋಗಿಬಿಟ್ಟಿದ್ದ ಕಲ್ಲೇಶಿ.
"ಒಂದು ಲಾರಿ ಕೊಬ್ಬರಿ ದುಡ್ಡು ಕಣ್ರೋ!" ಎಂದ ಮೇಸ್ತ್ರಿ ದ್ಯಾವಣ್ಣ.
ದಿನಕ್ಕೆ ಅಂಥ ಮೂರು ಲಾರಿ ತುಂಬುವವರು
ಅದಕ್ಕೆ ಏನೂ ಅನ್ನಲಿಲ್ಲ.

ಹನ್ನೊಂದು ಪಂದ್ಯ ಬೆಂಚು.
ಟೀವಿಯಲ್ಲಿ ನಮಗೆ ಸಿಕ್ಕಿದ್ದು ಅವನ ಮೊಣಕಾಲು,
ಯಾರಿಗೋ ಟವೆಲು ಕೊಡುವ ಕೈ,
ಒಮ್ಮೆ ಒಂದು ಆಕಳಿಕೆ.
(ಆ ಆಕಳಿಕೆಗೆ ದ್ಯಾವಣ್ಣ ಒಂದು ವಾರ ಬೈದ.)
ಹನ್ನೆರಡನೆಯದರಲ್ಲಿ, ಕವರಿನವನ ಮೂಗಿಂದ ರಕ್ತ ಬಂದು
ಇವನನ್ನು ಒಳಗೆ ಕರೆದರು.
ಮೊದಲ ರೇಡರ್ ತಲೆಯ ಮೇಲಿಂದ ಜಿಗಿದ.
ಎರಡನೆಯವನು ಕಂಕುಳಡಿ ನುಸುಳಿದ.
ಮೂರನೆಯವನ ಸೊಂಟ ಸಿಕ್ಕಿತು, ಗಟ್ಟಿಯಾಗಿ ಸಿಕ್ಕಿತು,
ಆದರೆ ಹಳೆಯ ಚಟ:
ಎತ್ತಿದ.
ಎತ್ತಿದ್ದು ಚೆಂದವಿತ್ತು. ಜನ ಎದ್ದು ನಿಂತರು.
ಬೀಳುತ್ತ ಬೀಳುತ್ತ ಅವನು ನಡುಗೆರೆಗೆ
ಒಂದೇ ಒಂದು ಬೆರಳು ತಾಗಿಸಿದ.
ಅಂಟಿಕೊಂಡಿದ್ದ ಮೂವರೂ ಔಟು.
ಫಿಲಿಪ್ ಮಾಸ್ತರು ಟೀವಿಗೆ ಬೆನ್ನು ಹಾಕಿ ಬೀಡಿ ಹಚ್ಚಿದರು.

ಆಮೇಲೊಂದು ಗುರುವಾರ
ಅವನು ಸರಿಯಾಗಿ ಹಿಡಿದನಂತೆ, ಇದ್ದಲ್ಲೇ ಕೂರಿಸಿದನಂತೆ.
ಆ ರಾತ್ರಿ ಇಲ್ಲಿ ಕರೆಂಟಿರಲಿಲ್ಲ.

ಈಗ ಊರಿಗೆ ಬಂದಿದ್ದಾನೆ. ಜೆರ್ಸಿಯ ಬೆನ್ನಿಗೆ
ಹೆಸರಿಲ್ಲ ಇನ್ನೂ, ನಂಬರು ಮಾತ್ರ.
ಮುದ್ದೆ ಅರ್ಧ ಮುರಿಯುತ್ತಾನೆ,
ಮೊಟ್ಟೆಯ ಹಳದಿಯನ್ನು ದ್ಯಾವಣ್ಣನ ತಟ್ಟೆಗೆ ದಾಟಿಸುತ್ತಾನೆ.
"ಎಂಬತ್ತೈದು ಮೀರಿದ್ರೆ ಮ್ಯಾಟ್ ಮೇಲೆ ಬಿಡಲ್ಲ ಅಣ್ಣ."
ಒಂದೇ ಉಸಿರಿಗೆ ತೊಂಬತ್ತು ಕೇಜಿ ಹೊತ್ತವನು
ಒಂದು ತುತ್ತಿಗೆ ಹೆದರುವುದನ್ನು
ನಾನು ನೋಡಬೇಕಾಯಿತು.

ಮಧ್ಯಾಹ್ನ ಯಾರ್ಡು ಖಾಲಿಯಾದಾಗ
ಚಪ್ಪಲಿ ಬಿಟ್ಟು ಕಾಟಾ ಹತ್ತಿದ.
ಎಂಬತ್ತಾರು.
ಫೋನು ತೆಗೆದ. ಬೀಗದ ಕೈ, ಸೊಂಟದ ಬೆಲ್ಟು ತೆಗೆದ.
ಜೇಬಿನಿಂದ, ತಲೆ ತಗ್ಗಿಸಿ,
ಅರ್ಧ ಕಚ್ಚಿದ ಕೊಬ್ಬರಿ ಚೂರು.
ಎಂಬತ್ತೈದೂ ಕಾಲು.
"ಚೀಲದ ತೂಕ ಕಳೀಬಹುದಲ್ವಾ ಅಣ್ಣ," ಎಂದು ನಗಲು ನೋಡಿದ.

ವ್ಯಾಪಾರಿಗಳ ಮುಖ ನೋಡಿ
ಕಾಲು ಕೇಜಿ ಆಚೀಚೆ ಸರಿಸಿದ ಕೈ ಇದು, ಸುಳ್ಳೇಕೆ.
ಇದ್ದದ್ದನ್ನು ಇದ್ದಂತೆ ಬರೆದು
ಸಹಿ ಹಾಕಿ ಕೊಟ್ಟೆ.
ಚೀಟಿ ಮಡಿಸಿಟ್ಟುಕೊಂಡು, ಆ ಬಿಸಿಲಲ್ಲೇ
ಹಳಿಯ ಪಕ್ಕ ಬಾಣಾವರದ ಕಡೆ ಓಡಿದ.

ಕೊಬ್ಬರಿ ಚೂರು ಕಾಟಾದ ಮೇಲೇ ಉಳಿದಿತ್ತು.
ಮುಳ್ಳು ಅದಕ್ಕೆ ಅಲುಗಿರಲಿಲ್ಲ.
ಬಾಯಿಗೆ ಹಾಕಿಕೊಂಡೆ.
ಚೆನ್ನಾಗಿ ಒಣಗಿತ್ತು.