ಬೋರ್ಡಿನ ಎಡ ಮೂಲಿ

ವಾಡಿ ಜಂಕ್ಷನ್ನಿನ ಗಾಡಿ ಕೂಗಿದರ
ಕಿಟಕಿ ಸರಳು ಗುಂಯ್ ಅನ್ನೋ ಆರನೇ ಇಯತ್ತೆ.
ಕೆಳಗ ಫರಸಿ, ಅದರ ಮ್ಯಾಲ ಸಿಮೆಂಟಿನ ಧೂಳಿ,
ಮುಂಜಾನೆ ಗುಡಿಸಿದರ ಮಧ್ಯಾಹ್ನಕ್ಕ ಮತ್ತ ಅಷ್ಟೇ.

ಬೋರ್ಡಿನ ಎಡ ಮೂಲ್ಯಾಗ ನಾನೇ ಎಳೆದ ಚೌಕ:
'ಗದ್ದಲ ಮಾಡಿದವರು.'
ನಾನು ಆಫೀಸಿಗೆ ಹೋದರ ಮಾನಿಟರ್ ಜಗದೇವಿ
ಖಡು ಹಿಡಿದು ಪೊಲೀಸರಂಗ ನಿಲ್ಲತಿದ್ದಳು.
ದಿನಾ ಒಂದೇ ಹೆಸರು ಮೊದಲು, ಮಾಪಣ್ಣ.
ಅದರ ಮುಂದ ಮೂರು ಇಂಟು, ಒಮ್ಮೊಮ್ಮೆ ಐದು.
ಒರೆಸಿದರೂ ಕಪ್ಪಿನ ಒಳಗಿಂದ
'ಪಣ್ಣ' ಅನ್ನೋದು ಬೆಳ್ಳಗ ಇಣುಕುತಿತ್ತು.
ಅವನೂ ಒಳಗ ಬಂದವನೇ ಮೊದಲು ಅಲ್ಲಿ ನೋಡಿ,
ಹಾಜರಿ ಕೊಟ್ಟಂಗ, ಕೂಡತಿದ್ದ.

ಒಂದು ಸೋಮವಾರ ಹಸಿ ಅರಿವಿ ತಗೊಂಡು ತಿಕ್ಕಿದೆ.
ಗದ್ದಲ ಸಾಕು,
ಇವತ್ತು ಯಾರು ಏನು ಛಂದ ಮಾಡಿದರು, ಅದನ್ನ ಬರಿ ಅಂದೆ.
ಜಗದೇವಿ ನಿಂತೇ ನಿಂತಳು. ಚೌಕ ಖಾಲಿ.
'ಗದ್ದಲ ತಾನೇ ಕಿವಿಗೆ ಬರತದ್ರಿ ಟೀಚರ್,
ಇದು ಸಪ್ಪಳಾನೇ ಮಾಡಂಗಿಲ್ಲ.'

ಮರುದಿನ ಎಲ್ಲರೂ ಶರಣರೇ!
ಒಬ್ಬ ಕಾಗದ ತಾನೇ ಒಗೆದು ತಾನೇ ಆರಿಸಿದ,
ಇಬ್ಬರು ಒಂದೇ ಕಸಬರಿಗಿ ಜಗ್ಯಾಡಿ ಕಡ್ಡಿ ಕಡ್ಡಿ ಮಾಡಿದರು.
ನಾನು ನಕ್ಕೆ.
ಟೀಚರ್ ನಕ್ಕದ್ದು ಬರೀಲೇನ್ರಿ, ಅಂದಳು.

ಬುಧವಾರ ಆಫೀಸಿನಿಂದ ಬರುವಾಗ
ಡಬ್ ಡಬ್ ಡಬ್, ಬೆಂಚಿನ ಮ್ಯಾಲ ಬಡಿತ.
ಮತ್ತ ಅವನೇ. ನನ್ನ ಬಾಯಾಗ ಬೈಗುಳ ಹಣ್ಣಾಗಿತ್ತು.
ಬಾಗಿಲಿಗೆ ಬಂದರ ಕೇಳಿಸಿದ್ದು ಮಶಾಕನ ದನಿ.
ವರ್ಷಪೂರ್ತಿ ಮಗ್ಗಿ ಅಂದರ ಫರಸಿ ನೋಡೋ ಹುಡುಗ
ಮಾಪಣ್ಣನ ಬಡಿತದ ಹಿಂದ ಹಿಂದ ಓಡಿ
'ಹದಿಮೂರೇಳ್ಲೆ ತೊಂಬತ್ತೊಂದು!' ಅಂದು ಉಸಿರು ಬಿಟ್ಟ.

ಚೌಕದಾಗ ಜಗದೇವಿಯ ಗುಂಡನ್ನ ಅಕ್ಷರ:
'ಮಾಪಣ್ಣ ಗದ್ದಲ ಮಾಡಿದ.
ಮಶಾಕನಿಗೆ ಹದಿಮೂರರ ಮಗ್ಗಿ ಬಂತು.'
ಇಂಟು ಹಾಕಿರಲಿಲ್ಲ.
ಮಾಪಣ್ಣ ಓದಿದ, ಮತ್ತೊಮ್ಮೆ ಓದಿದ,
ಯಾರೋ ಬ್ಯಾರೆಯವರ ಹೆಸರು ಇದ್ದಂಗ.

ಶುಕ್ರವಾರ ನಳದ ಹತ್ರ ಮತ್ತ ಜಗಳಾ ತೆಗೆದ,
ಸುಳ್ಳ್ಯಾಕ ಹೇಳಲಿ.
ಆದರ ಮೊದಲು ಸಣ್ಣವರಿಗೆ ನೀರು ಬಿಟ್ಟು, ಆಮ್ಯಾಲ ತೆಗೆದ.

ಸಂಜಿ ಗಂಟಿ ಹೊಡೆದ ಮ್ಯಾಲೂ ಜಗದೇವಿ ನಿಂತಿದ್ದಳು,
ಬೆರಳೆಲ್ಲ ಬೆಳ್ಳಗ.
'ಎಲ್ಲಾರದೂ ನಾ ನೋಡತೀನಿ.
ನಂದು ಯಾರು ನೋಡತಾರ್ರಿ?'
ಗಾಡಿ ಕೂಗಿತು. ಅದು ದಾಟಿ ಹೋಗೋತನಕ
ಏನು ಬರೀಬೇಕಂತ ಯೋಚಿಸಿದೆ.
ಖಡು ಅವಳ ಕೈಯಿಂದ ನನ್ನ ಕೈಗೆ ಬಂದಿತ್ತು.