ಸಾಯಂಕಾಲ ಐದಕ್ಕ ಕರೀರಿ

ತಡೀರಿ ಗಾದಿಲಿಂಗಪ್ಪಾರ,
‘ನಾನು ಬಡ ಅಬಲೆ’ ಅಂತ ಶುರು ಮಾಡಬ್ಯಾಡ್ರಿ.
ಹೋದ ಸಲ ಹಂಗ ಬರೆದಿದ್ರಿ.
ಅವರು ಓದಿದ್ದು ಶೇಕಡಾ ಮೂವತ್ತು, ಅಷ್ಟ.
ನಲವತ್ತಕ್ಕ ಹತ್ತು ಕಮ್ಮಿ. ಅರ್ಜಿ ತಿರಸ್ಕೃತ.
ಆ ಹತ್ತು ಎಲ್ಲಿ ಹೋಗಿತ್ತು ಅಂತ
ಆಗ ನನಗೂ ಗೊತ್ತಿರಲಿಲ್ಲ.

ಈಗ ಗೊತ್ತಾಗೈತಿ, ಬರೀರಿ.
ಅವತ್ತು ಮಂಡಳಿ ಕುಂತಿದ್ದು ಮುಂಜಾನೆ ಹತ್ತಕ್ಕ.
ರಾತ್ರಿ ಪೂರಾ ಮಲಗಿ ಎದ್ದ ಮೈ ನಂದು.
ಕೈ ಎತ್ತು ಅಂದ್ರು, ಎತ್ತಿದೆ.
ಕುಂತು ಏಳು ಅಂದ್ರು, ಎದ್ದೆ.
ಸಾಲಿ ಹುಡುಗಿಯಂಗ ಹೇಳಿದ್ದೆಲ್ಲಾ ಮಾಡಿದೆ,
ಶಭಾಷ್ ಅಂತಾರೇನೋ ಅಂತ.

ಇದನ್ನ ಬರೀಬೇಕೋ ಬ್ಯಾಡೋ, ನಿಮಗ ಬಿಟ್ಟಿದ್ದು:
ಬಂಡಿಹಟ್ಟಿ ಕಾರ್ಖಾನ್ಯಾಗ ಹನ್ನೊಂದು ವರ್ಷ
ಜೀನ್ಸ್ ಪ್ಯಾಂಟಿಗೆ ಜಿಪ್ ಹಚ್ಚಿದಾಕಿ ನಾನು.
ಯಾವ ಊರಾಗ ಯಾರ ಸೊಂಟದ ಮ್ಯಾಲೆ ಅದಾವೋ.
ಮಧ್ಯಾಹ್ನ ಮೂರಾದ್ರ ಮಷೀನಿಗೆ ಎರಡು ಸೂಜಿ ಕಾಣ್ತಿದ್ವು.
ಎರಡರಾಗ ಒಂದು ಸುಳ್ಳು.
ಸುಳ್ಳಿಂದು ಅಂತ ಬೆರಳಿಟ್ಟೆ, ಖರೇದು ಚುಚ್ಚಿತು.
ನೋಡ್ರಿ, ಉಗುರಿನಾಗ ಇನ್ನೂ ನೀಲಿ ಐತಿ.
ರೆಪ್ಪೆ ಇಳೀತಿತ್ತು.
‘ಸುಂಕಮ್ಮ, ರಾತ್ರಿ ಏನ್ ಮಾಡ್ತಿ?’ ಅಂದ ಮೇಸ್ತ್ರಿ.
ಎಲ್ಲಾರು ನಕ್ಕರು. ನಾನೂ ನಗಾಕ ಹೋದೆ,
ತುಟಿ ಏಳಲಿಲ್ಲ.
ಅಷ್ಟಕ್ಕ ಸಿಟ್ಟೇನವ್ವ ಅಂದ್ರು.

ಮನ್ಯಾಗ, ಅರ್ಧ ರೊಟ್ಟಿಗೆ ದವಡಿ ನಿಂತುಬಿಡ್ತಿತ್ತು.
ಗದ್ದಕ್ಕ ಕೈ ಕೊಟ್ಟು ಅಗೀಬೇಕು.
ಅತ್ತಿಗೆ ಅದು ಸೊಕ್ಕು ಕಂಡಿತು.

ವಿಮ್ಸ್‌ನಾಗ ಈ ಸಲ ಹೊಸ ಡಾಕ್ಟರಮ್ಮ.
ಮಾತಿಲ್ಲ ಕಥಿಯಿಲ್ಲ, ‘ಮ್ಯಾಲೆ ನೋಡ್ತಾ ಕುಂದ್ರು’ ಅಂದ್ಲು.
ಮ್ಯಾಲೆ ಫ್ಯಾನು. ನೋಡ್ತಾ ನೋಡ್ತಾ
ಕಣ್ಣು ಅಂಗಡಿ ಶಟರಿನಂಗ ಇಳೀತು.
ಆಯಾನ್ನ ಹೊರಗ ಸೋಡಾದವನ ಹಂತ್ಯಾಕ ಕಳಿಸಿದ್ಲು,
ಮಂಜುಗಡ್ಡಿ ತಾ ಅಂತ.
ಗ್ಲೌಸಿನಾಗ ತುಂಬಿ ರೆಪ್ಪೆ ಮ್ಯಾಲೆ ಇಟ್ಲು.
ಬಳ್ಳಾರಿ, ಮೇ ತಿಂಗಳು. ಆಹಾ ಅನ್ನಿಸ್ತು.
ಅದನ್ನ ಬರೀಬ್ಯಾಡ್ರಿ.
ಎರಡು ನಿಮಿಷಕ್ಕ ತೆಗೆದು ನೋಡಿದ್ಲು, ರೆಪ್ಪೆ ಎದ್ದಿತ್ತು.
‘ಹಾಂ’ ಅಂದ್ಲು ತನ್ನಷ್ಟಕ್ಕ ತಾನ.
ಹದಿನಾಲ್ಕು ತಿಂಗಳದಾಗ
ನನ್ನ ನೋಡಿ ಯಾರೂ ಅಂದಿರಲಿಲ್ಲ, ಹಾಂ ಅಂತ.

ರಕ್ತ ಎಲ್ಲೆಲ್ಲೋ ಹೋಗಿ ಬಂತು. ಹೆಸರು ಈ ಚೀಟ್ಯಾಗ ಐತಿ:
ಮಯಸ್ಥೇನಿಯಾ ಗ್ರೇವಿಸ್.
ನೋಡಿಕೊಂಡು ಬರೀರಿ,
ಹೋದ ಸಲ ನನ್ನ ಹೆಸರನ್ನ ಶಂಕ್ರಮ್ಮ ಮಾಡಿದ್ರಿ.
ನರ ಹೇಳಿದ್ದು ಮಾಂಸಖಂಡಕ್ಕ ಮುಟ್ಟಂಗಿಲ್ಲಂತ.
ನಡುವ ನಿಮ್ಮಂಥಾ ಅರ್ಜಿ ಬರೆಯೋರು ಕೆಟ್ಟಂಗ, ಅನ್ರಿ.
ಹೊತ್ತು ಏರಿದಂಗ ಬಲ ಇಳೀತೈತಿ,
ಮಲಗಿದ್ರ ತುಸು ತಿರುಗಿ ಬರ್ತೈತಿ.
ಬಂದದ್ದನ್ನ ಅವರು ಹತ್ತಕ್ಕ ಅಳೆದ್ರು.

ಈಗ ಮುಖ್ಯದ್ದು. ದಪ್ಪ ಅಕ್ಷರದಾಗ ಬರೀರಿ.
ಮರುಪರೀಕ್ಷೆ ಆಗಬೇಕು, ಅಷ್ಟ ಸಾಲದು:
ನನ್ನನ್ನ ಸಾಯಂಕಾಲ ಐದಕ್ಕ ಕರೀರಿ.
ಬೇಕಾದ್ರ ಮಷೀನು ಹಾಕ್ರಿ, ನಾಕು ಪ್ಯಾಂಟು ಕೊಡ್ರಿ,
ಆಮ್ಯಾಲೆ ಕೈ ಎತ್ತು ಅನ್ರಿ.
ಐದಕ್ಕ ಕಚೇರಿ ಮುಚ್ಚೋ ಹೊತ್ತು ಅಂತೀರೇನು?
ಹೌದ್ರಿ. ನಾನೂ ಅದ ಹೊತ್ತಿಗೆ ಮುಚ್ಚೋದು.

ಒಮ್ಮೆ ಓದಿ ಹೇಳ್ರಿ.
‘ತಮ್ಮ ವಿಧೇಯಳು’? ಇರಲಿ ಬಿಡ್ರಿ.
ಸಹಿ ಎಲ್ಲಿ? ಈಗಿನ್ನೂ ಹನ್ನೊಂದು ಗಂಟಿ,
ಕೈ ಚಲೋ ಐತಿ, ಮುತ್ತಿನಂಗ ಬರ್ತೈತಿ.

ಬ್ಯಾಡ.
ಹಾಳಿ ನಿಮ್ಮ ಹಂತ್ಯಾಕ ಇರಲಿ, ಪೆನ್ನೂ ಇರಲಿ.
ನಾಕರ ಮ್ಯಾಲೆ ಬರ್ತೀನಿ.
ಆಗ ಹೆಂಗ ಬೀಳ್ತೈತೋ
ಆ ಸಹಿ ಹೋಗಲಿ ಅವರಿಗೆ.