ಹನ್ನೆರಡನೆಯ ತಿಂಗಳು

ಕರಾರಿನಲ್ಲಿ ಹನ್ನೊಂದೇ ತಿಂಗಳು.
ಛಾಪಾ ಕಾಗದದ ಮೇಲೆ ಬಾಡಿಗೆ ಇದೆ, ಅಡ್ವಾನ್ಸ್ ಇದೆ,
ಗೋಡೆಗೆ ಮೊಳೆ ಹೊಡೆಯಕೂಡದು,
ಬಿಡುವಾಗ ಸುಣ್ಣಬಣ್ಣದ ಖರ್ಚು ಮುರಿದುಕೊಳ್ಳಲಾಗುವುದು.
ಹನ್ನೆರಡನೆಯ ತಿಂಗಳ ಮಾತೇ ಇಲ್ಲ.
ಅದು ಯಾರ ಮನೆಯಲ್ಲಿ ಇರುತ್ತದೋ
ಹದಿನಾರು ವರ್ಷದಿಂದ ನನಗೆ ಗೊತ್ತಾಗಿಲ್ಲ.

ಆ ತಿಂಗಳಲ್ಲೇ ನಾವು ಲೆಕ್ಕಕ್ಕೆ ಕೂರುವುದು.
ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ
ಏಕನಾಥರು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ,
ಬಟ್ಟೆಗೆ ಎಳೆಯುವ ಹಾಗೇ, ಹೊಲಿಗೆಗೆ ಅರ್ಧ ಇಂಚು ಬಿಟ್ಟು.
ಈ ಕಡೆ ಕಬ್ಬನ್‌ಪೇಟೆ: ಹದಿನಾಲ್ಕೂವರೆ ಸಾವಿರ,
ಒಂದು ಕೋಣೆ, ಕೋಣೆ ಅನ್ನಬಹುದಾದ ಇನ್ನರ್ಧ.
ಆ ಕಡೆ ತಾವರೆಕೆರೆ: ಏಳು,
ಎರಡು ಕೋಣೆ, ಕಿಟಕಿಯಲ್ಲಿ ಒಂದು ಬೆಟ್ಟ.
ಪ್ರತಿ ವರ್ಷ ಗೆಲ್ಲುವುದು ಆ ಕಡೆ.
ಪ್ರತಿ ವರ್ಷ ನಾವು ಉಳಿಯುವುದು ಈ ಕಡೆ.

ಹೋದ ಯುಗಾದಿ ಆದಮೇಲೆ ನೋಡಿಯೂ ಬಂದೆವು.
ಎರಡು ಬಸ್ಸು, ಒಂದು ಆಟೋ, ಮಿಕ್ಕದ್ದು ನಡಿಗೆ.
ಮನೆ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ.
ಅಡುಗೆಮನೆಯಲ್ಲಿ ಇಬ್ಬರು ಒಟ್ಟಿಗೆ ನಿಲ್ಲಬಹುದಿತ್ತು.
ನಿಂತೆವು. ಏನು ಮಾತಾಡಬೇಕೋ ತೋಚಲಿಲ್ಲ.
ಕೈ ಚಾಚಿದರೆ ಗೋಡೆ ಸಿಗಲಿಲ್ಲ.
"ಇಲ್ಲಿ ಯಾರಿಗೆ ಹೊಲಿಯೋದು?" ಎಂದರು ಅವರು
ಬೆಟ್ಟದ ಭುಜದ ಅಳತೆ ತೆಗೆಯುವವರ ಹಾಗೆ ನೋಡುತ್ತ.

ಇನ್ನೂ ಯಾಕೆ ಅಲ್ಲೇ ಇದ್ದೀರಿ ಎನ್ನುತ್ತಾರೆ ಜನ.
ಗುಂಡಿ, ಲೈನಿಂಗು, ಎಲ್ಲ ಚಿಕ್ಕಪೇಟೆಯಲ್ಲಿ,
ಅನ್ನಕ್ಕಿಟ್ಟು ಹೋಗಿ ಬರಬಹುದು ಎನ್ನುತ್ತೇನೆ.
ಅದೂ ನಿಜವೇ.
ಆದರೆ ಏಕನಾಥರಿಗೆ ಕಣ್ಣು ಮಂಜು.
ಬೆಳಿಗ್ಗೆ ಶಾಲೆಗೆ ಹೋಗುವಾಗ ಮೂರನೇ ಮನೆಯ ಜಬೀನ್
ಬ್ಯಾಗೂ ಇಳಿಸದೆ ಬಾಗಿಲಲ್ಲೇ ನಿಂತು
ಹತ್ತು ಸೂಜಿಗೆ ದಾರ ಪೋಣಿಸಿ, ದಿಂಬಿಗೆ ಚುಚ್ಚಿ, ಓಡುತ್ತಾಳೆ.
ಹತ್ತು ಸೂಜಿಗೆ ನಮ್ಮ ಒಂದು ದಿನ.
ಇದನ್ನು ಕ್ಯಾಲೆಂಡರಿನ ಯಾವ ಕಡೆ ಬರೆಯಲಿ?

ಈ ಸಲ ಬಿಟ್ಟು ಹೊರಟವರು ನಾವಲ್ಲ, ಮನೆಯೊಡತಿ.
ಬನಶಂಕರಮ್ಮ ಹುಟ್ಟಿದ್ದೇ ಈ ಮನೆಯಲ್ಲಿ.
ನಾವು ಮಲಗುವಲ್ಲಿ ಅವರಪ್ಪನ ಮಗ್ಗದ ಗುಂಡಿ ಇತ್ತಂತೆ;
ಮುಚ್ಚಿದ ನೆಲ ಮಳೆಗಾಲದಲ್ಲಿ ಇನ್ನೂ ಬೆವರುತ್ತದೆ.
"ಅಡಿಗೆ ಇಷ್ಟು ಅಂತಾರೆ ಕಣೇ ರುಕ್ಮಾ," ಎಂದು
ಬಾಯಲ್ಲಿ ಹೇಳಲಾರದೆ ಅಂಗೈ ಮೇಲೆ ಬೆರಳಲ್ಲಿ ಬರೆದರು.
"ಅಷ್ಟು ಬೆಲೆಯ ನೆಲದ ಮೇಲೆ ಹೆಂಗೆ ನಿದ್ದೆ ಮಾಡಲಿ?
ಮಗ್ಗುಲು ಬದಲಿಸಿದರೂ ದುಡ್ಡು ಪೋಲಾದ ಹಂಗೆ."
ಕೆಂಗೇರಿ ಆಚೆ, ಏಳನೇ ಮಹಡಿ.
ಹೋಗುವ ಮುನ್ನ ಆರು ರವಿಕೆ ಹೊಲಿಸಿಕೊಂಡರು.
ಟೇಪು ಹೋದ ವರ್ಷಕ್ಕಿಂತ ಎರಡು ಇಂಚು ಕಮ್ಮಿ ತೋರಿಸಿತು.
ನಾನು ಹಳೇ ಅಳತೆಯನ್ನೇ ಬರೆದುಕೊಂಡೆ.
ಮೊಳೆಗಳಿಗೆಂದು ಅವರು ಒಂದು ರೂಪಾಯಿ ಮುರಿಯಲಿಲ್ಲ:
ಹೇಗೂ ಕೆಡವುವ ಗೋಡೆ.

ಎರಡು ಗಲ್ಲಿ ಆಚೆ ನಮಗೊಂದು ಮನೆ ಸಿಕ್ಕಿತು.
ಹದಿನಾರು ಸಾವಿರ, ಇನ್ನರ್ಧ ಕೋಣೆಯೂ ಇಲ್ಲ.
ತಳ್ಳುಗಾಡಿಯಲ್ಲಿ ಮೂರು ಸರ್ತಿಗೆ ಸಂಸಾರ ಮುಗಿಯಿತು.
ಮಿಷನ್ನಿನ ತಲೆಯನ್ನು ಮಾತ್ರ ಏಕನಾಥರು
ಟವೆಲ್ಲಿನಲ್ಲಿ ಸುತ್ತಿ, ಕೂಸಿನ ಹಾಗೆ ಎತ್ತಿಕೊಂಡು ನಡೆದರು.
ಕೊನೆಗೆ ಸೂಜಿದಿಂಬು ಹಿಡಿದು ನಾನು.

"ಹೊಸ ಮನೆ ನಮ್ಮ ಸ್ಕೂಲ್ ದಾರೀಲಿದೆಯಾ ಆಂಟಿ?"
ಜಬೀನ್ ಕೇಳಿದಳು.
ಇದೆ ಎಂದೆ.
ಅದನ್ನು ನೋಡಿಯೇ ಹಿಡಿದದ್ದು ಎನ್ನಲಿಲ್ಲ.
ಅವಳಿಗೀಗ ಒಂಬತ್ತನೇ ಕ್ಲಾಸು.
ಲೆಕ್ಕ ನನಗೂ ಬರುತ್ತದೆ.